ಬಿಳಿಯಾಗದ ಕುದುರೆ: ರೆಡ್ ಡೆಡ್ ಆನ್‌ಲೈನ್‌ನಲ್ಲಿ ಆಂಡಲೂಸಿಯನ್ ಸವಾರಿ

"ಮಾವ, ಬಿಳಿ ಆಂಡಲೂಸಿಯನ್ ತಗೊಂಡೆ, ಬಂದು ನೋಡಿ" ಅಂತ ತಂಗಿ ಮಗ ರೂಮಿನಿಂದ ಕೂಗಿದ. ನಾನು ಅಂಗಡಿ ಮುಚ್ಚಿ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದೆ. ಒದ್ದೆ ಕಾಲಲ್ಲೇ ಹೋಗಿ ನೋಡಿದೆ. ಕಂಪ್ಯೂಟರ್ ಪರದೆ ಮೇಲೆ ಕೆನೆ ಬಣ್ಣದ, ಸ್ಪೇನಿನ ತಳಿಯ ಕುದುರೆ ನಿಂತಿತ್ತು. ಹೆಸರಿನ ಪಕ್ಕ ಪರ್ಲಿನೋ ಅಂತ ಬರೆದಿತ್ತು.

"ಇದು ಬಿಳಿ ಅಲ್ಲ ಕಣೋ."

"ಇನ್ನೇನ್ ಮಾವ, ಹಾಲಿನ ಥರ ಇದೆಯಲ್ಲ!"

"ಹಾಲಲ್ಲ, ಕೆನೆ. ಪರ್ಲಿನೋ ಅಂದರೆ ಹುಟ್ಟುವಾಗಲೇ ಹೀಗೆ ಹುಟ್ಟಿದ್ದು. ಅದರ ಚರ್ಮ ಗುಲಾಬಿ, ಕಣ್ಣು ನೀಲಿ. ಸ್ಪೇನಿನಲ್ಲೂ ಅಪರೂಪ. ಅಲ್ಲಿಯ ಬಿಳಿ ಕುದುರೆ ಹುಟ್ಟೋದೇ ಕಪ್ಪಗೋ ಕಂದಾಗೋ. ಮೈ ತೊಳೆದರೆ ಬಿಳಿ ಕೂದಲ ಕೆಳಗೆ ಚರ್ಮ ರೊಟ್ಟಿ ಹಂಚಿನ ತಳದಷ್ಟು ಕಪ್ಪು."

ಅವನು ತಲೆಗೆ ಹಾಕಿದ್ದ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ. ಹಿಂಡಿ ಬೂಸಾ ಮಾರುವ ಮಾವನಿಗೆ ಇದೆಲ್ಲ ಹೇಗೆ ಗೊತ್ತು ಅಂತ. ನಾನು ಕತಾರ್‌ನಲ್ಲಿ ಇದ್ದಾಗ ಇವನು ಚಡ್ಡಿ ಹಾಕಿಕೊಂಡು ಶಿಶುವಿಹಾರಕ್ಕೆ ಹೋಗುತ್ತಿದ್ದ. ಈಗ ಇಂಜಿನಿಯರಿಂಗ್ ಎರಡನೇ ವರ್ಷ.

ಆವತ್ತಿನಿಂದ ಮೂರು ತಿಂಗಳು ನಾನೂ ಆ ಆಟ, ರೆಡ್ ಡೆಡ್ ಆನ್‌ಲೈನ್ ಅನ್ನುವ ಕಂಪ್ಯೂಟರ್ ಆಟ, ಆಡಿದ್ದೇನೆ. ದಿನಾ ರಾತ್ರಿ ಊಟಕ್ಕೆ ಮುಂಚೆ ಅರ್ಧ ಗಂಟೆ. ಬಂದೂಕು ಹಿಡಿಯುವುದು ಇವತ್ತಿಗೂ ಬರಲ್ಲ, ಬರುವುದೂ ಬೇಡ. ನಾನು ನೋಡಿದ್ದು ಕುದುರೆ ಮಾತ್ರ. ಹಾಗಾಗಿ ಇದು ಆಟದ ವಿಮರ್ಶೆ ಅನ್ನುವುದಕ್ಕಿಂತ ಕುದುರೆಯ ವಿಮರ್ಶೆ ಅಂತ ಓದಿಕೊಳ್ಳಿ.

ನಮ್ಮಪ್ಪ ಹಾಸನದ ರೈಲ್ವೆ ಸ್ಟೇಷನ್ ಮುಂದೆ ಜಟಕಾ ಗಾಡಿ ನಿಲ್ಲಿಸುತ್ತಿದ್ದರು. ಆಟೋ ಜಾಸ್ತಿ ಆಗುವವರೆಗೂ ಮನೆ ನಡೆದದ್ದು ಆ ಒಂದು ತಟ್ಟು ಕುದುರೆಯಿಂದ. ರಾತ್ರಿ ಹುರುಳಿ ನೆನೆಹಾಕುವುದು, ಬೆಳಗ್ಗೆ ಲದ್ದಿ ಬಾಚುವುದು, ಇವೆರಡೂ ಸ್ಕೂಲಿಗೆ ಹೋಗುವ ಮುಂಚಿನ ನನ್ನ ಕೆಲಸ. ಲಾಳ ಕಟ್ಟುವ ಸಾಬರು ಬಂದಾಗ ಕುದುರೆಯ ಕಾಲು ಎತ್ತಿ ತೊಡೆ ಮೇಲೆ ಇಟ್ಟುಕೊಳ್ಳುವುದೂ ನನ್ನದೇ. "ಕುದುರೆ ಕೊಳ್ಳೋನು ಮೊದಲು ಕಾಲು ನೋಡಬೇಕು, ಆಮೇಲೆ ಬಾಯಿ, ಆಮೇಲೆ ಸುಳಿ. ಬಣ್ಣ ಕೊನೇಲಿ" ಅನ್ನುತ್ತಿದ್ದರು ಅಪ್ಪ. ಆಟದವರು ಇದನ್ನು ಪೂರ್ತಿ ಉಲ್ಟಾ ಮಾಡಿದ್ದಾರೆ. ಅಲ್ಲಿ ಬಣ್ಣವೇ ಮೊದಲು, ಕಾಲು ಕೊನೆಗೂ ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

2009ರಲ್ಲಿ ಕತಾರ್‌ಗೆ ಹೋದೆ. ಡ್ರೈವರ್ ಕೆಲಸ ಅಂತ ಹೇಳಿ ಕರೆದುಕೊಂಡು ಹೋದರು, ಹೋದ ಮೇಲೆ ಕುದುರೆ ಲಾಯಕ್ಕೆ ಹಾಕಿದರು. ಏಜೆಂಟನ ಕಥೆ ಬಿಡಿ, ಅದು ಬೇರೆ. ನನಗೆ ಅದರಿಂದ ಒಳ್ಳೆಯದೇ ಆಯ್ತು. ಒಬ್ಬ ಶ್ರೀಮಂತರ ಖಾಸಗಿ ಲಾಯ. ಮೂವತ್ತಕ್ಕಿಂತ ಜಾಸ್ತಿ ಕುದುರೆ, ಎಲ್ಲಕ್ಕೂ ಏಸಿ. ಬಹುಪಾಲು ಅರಬ್ಬಿ ಕುದುರೆಗಳು. ಕೊನೆಯ ಸಾಲಿನಲ್ಲಿ ಮೂರು ಬೇರೆ ಥರ ಇದ್ದವು. ಎರಡು ಸ್ಪೇನಿನವು, ಒಂದು ಪೋರ್ಚುಗಲ್‌ನದು. ಆ ಸಾಲು ನನ್ನ ಪಾಲಿಗೆ ಬಂತು.

ಅದರಲ್ಲಿ ಒಂದರ ಹೆಸರು ಲೂಸೆರೋ. ನಾನು ರಾಜ ಅಂತ ಕರೆಯುತ್ತಿದ್ದೆ. ಎರಡಕ್ಕೂ ಕಿವಿ ತಿರುಗಿಸುತ್ತಿತ್ತು. ನಾನು ಹೋದಾಗ ಅದಕ್ಕೆ ನಾಲ್ಕು ವರ್ಷ. ಬಣ್ಣ ಏನು ಅಂತ ಹೇಳುವುದೇ ಕಷ್ಟ. ಬೂದಿಯ ಮೇಲೆ ಕೆಮ್ಮಣ್ಣು ಚೆಲ್ಲಿ ಊದಿದಂತೆ. ಕಾಲುಗಳು ಕಪ್ಪು, ಜೂಲು ಕಪ್ಪು ಬಿಳಿ ಬೆರಕೆ, ಹೊಟ್ಟೆಯ ಮೇಲೆ ಕಾಸಿನಗಲ ಚುಕ್ಕೆಗಳು. ಇಂಗ್ಲಿಷಿನವರು ಇದಕ್ಕೆ ರೋಸ್ ಗ್ರೇ ಅನ್ನುತ್ತಾರೆ. ಕಂದು ಬಣ್ಣದಲ್ಲಿ ಹುಟ್ಟಿದ ಮರಿ ಬೆಳ್ಳಗಾಗುತ್ತಾ ಹೋಗುವಾಗ ನಡುವೆ ಬರುವ ಬಣ್ಣ ಇದು. ನಿಲ್ಲುವ ಬಣ್ಣವಲ್ಲ, ಹಾದುಹೋಗುವ ಬಣ್ಣ. 2015ರಲ್ಲಿ ನಾನು ಊರಿಗೆ ವಾಪಸು ಬರುವಾಗ ರಾಜ ಪೂರ್ತಿ ಬಿಳಿ. ಕಣ್ಣಿನ ಸುತ್ತ, ಮೂತಿಯ ಹತ್ತಿರ ಮಾತ್ರ ಕಪ್ಪು ಚರ್ಮ ಕಾಣುತ್ತಿತ್ತು. ಆರು ವರ್ಷದಲ್ಲಿ ನನ್ನ ಮೀಸೆಯೂ ಅದೇ ದಾರಿ ಹಿಡಿದಿತ್ತು ಅನ್ನಿ.

ಆಟದ ಅಂಗಡಿಯಲ್ಲಿ ಆಂಡಲೂಸಿಯನ್ ಮೂರು ಬಣ್ಣದಲ್ಲಿ ಸಿಗುತ್ತದೆ. ಗಾಢ ಕಂದು, ರೋಸ್ ಗ್ರೇ, ಪರ್ಲಿನೋ. ನಾನು ಯಾವುದು ತೆಗೆದುಕೊಂಡೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಈಗ ಸ್ವಲ್ಪ ಕುದುರೆಯ ಕುಲಗೋತ್ರ. ಸ್ಪೇನ್ ಮತ್ತು ಪೋರ್ಚುಗಲ್ ಸೇರಿದ ನೆಲಕ್ಕೆ ಐಬೀರಿಯಾ ಅಂತ ಹೆಸರು. ಅಲ್ಲಿಯ ದೊಡ್ಡ ಕುದುರೆ ಮೊದಲು ಒಂದೇ, ಆಮೇಲೆ ಎರಡು ದೇಶದವರೂ ಬೇರೆ ಬೇರೆ ವಂಶಾವಳಿ ಪುಸ್ತಕ ಇಟ್ಟುಕೊಂಡರು. ಸ್ಪೇನಿನವರು 1912ರಿಂದ ತಮ್ಮದಕ್ಕೆ ಪುರಾ ರಾಸಾ ಎಸ್ಪಾನ್ಯೋಲಾ ಅನ್ನುತ್ತಾರೆ, ಅಂದರೆ ಶುದ್ಧ ಸ್ಪ್ಯಾನಿಷ್ ತಳಿ. ಹೊರಗಿನವರು ಆಂಡಲೂಸಿಯನ್ ಅನ್ನುವುದು ಇದನ್ನೇ. ನಮ್ಮ ಲಾಯಕ್ಕೆ ಬರುತ್ತಿದ್ದ ಸ್ಪೇನಿನ ಮೇಷ್ಟ್ರ ಮುಂದೆ ಆಂಡಲೂಸಿಯನ್ ಅಂದರೆ ಮುಖ ಗಂಟಿಕ್ಕುತ್ತಿದ್ದರು. ಪೋರ್ಚುಗಲ್‌ನದಕ್ಕೆ 1960ರ ದಶಕದಲ್ಲಿ ಲುಸಿಟಾನೋ ಅಂತ ಹೆಸರು ನಿಂತಿತು. ರೋಮನ್ನರು ಆ ಭಾಗಕ್ಕೆ ಕರೆಯುತ್ತಿದ್ದದ್ದು ಲುಸಿಟಾನಿಯಾ, ಅದರಿಂದ. ಮೇಲ್ನೋಟಕ್ಕೆ ಎರಡೂ ಅಣ್ಣತಮ್ಮಂದಿರೇ. ಲುಸಿಟಾನೋ ಮುಖ ಇನ್ನೂ ಸ್ವಲ್ಪ ಉಬ್ಬು, ಹಿಂಭಾಗ ಇಳಿಜಾರು. ಪೋರ್ಚುಗಲ್‌ನಲ್ಲಿ ಅದರ ಮೇಲೆ ಕೂತು ಹೋರಿಯನ್ನು ಎದುರಿಸುತ್ತಾರೆ. ನಮ್ಮ ಹಾವೇರಿ ಕಡೆಯ ಹೋರಿ ಬೆದರಿಸುವ ಹುಡುಗರಿಗೆ ಕುದುರೆ ಕೊಟ್ಟಂತೆ. ಹೋರಿ ಕೊಂಬಿನಿಂದ ಒಂದು ಮೊಳ ದೂರದಲ್ಲಿ ತಿರುಗಿಕೊಳ್ಳಬೇಕಲ್ಲ, ಅದಕ್ಕೇ ಆ ಚುರುಕು.

ಅರಬ್ಬಿ ಕುದುರೆ ಜೊತೆ ನಿಲ್ಲಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅರಬ್ಬಿ ಬಾಲ ಎತ್ತಿ ಗಾಳಿ ಕಡೆ ನೋಡುತ್ತದೆ. ಸ್ಪೇನಿನದು ಕತ್ತು ಬಿಲ್ಲಿನ ಹಾಗೆ ಬಗ್ಗಿಸಿ ನಿಮ್ಮ ಕಡೆ ನೋಡುತ್ತದೆ. ಎತ್ತರ ಭಾರೀ ಏನಲ್ಲ, ಭುಜದ ಹತ್ತಿರ 155ರಿಂದ 160 ಸೆಂಟಿಮೀಟರ್ ಸುಮಾರು. ಎದೆ ಅಗಲ, ಕತ್ತು ದಪ್ಪ. ನಡೆಯುವಾಗ ಮುಂಗಾಲಿನ ಮಂಡಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ಎತ್ತುತ್ತದೆ. ಮದುವೆ ಮನೆಗೆ ರೇಷ್ಮೆ ಪಂಚೆ ಉಟ್ಟುಕೊಂಡು ಬಂದವರು ಕೆಸರಲ್ಲಿ ಕಾಲೆತ್ತಿ ಇಡುತ್ತಾರಲ್ಲ, ಹಾಗೆ.

ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರ ದೇವಸ್ಥಾನದ ತಳದ ಪಟ್ಟಿಗಳನ್ನು ನೋಡಿ. ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಅದಾದ ಮೇಲೆ ಕುದುರೆ ಸವಾರರು. ಅಲ್ಲಿಯ ಕೆಲವು ಕುದುರೆಗಳು ಥೇಟ್ ಹೀಗೇ ಕತ್ತು ಬಗ್ಗಿಸಿ ಮುಂಗಾಲು ಎತ್ತಿವೆ. ಹುಡುಗನನ್ನು ಭಾನುವಾರ ಬೈಕಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದೆ. "ಹಾಗಾದ್ರೆ ಇವೂ ಸ್ಪೇನಿನವೇ ಮಾವ?" ಅಂದ. ಅಲ್ಲ. ನಮ್ಮ ರಾಜರಿಗೆ ಕುದುರೆ ಬರುತ್ತಿದ್ದದ್ದು ಅರಬ್ ದೇಶಗಳಿಂದ, ಹಡಗಿನಲ್ಲಿ, ಪಶ್ಚಿಮ ಕರಾವಳಿಗೆ. ತಮಾಷೆ ಏನಂದರೆ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ವಿಜಯನಗರಕ್ಕೆ ಹೋಗುವ ಕುದುರೆ ವ್ಯಾಪಾರ ಅವರ ಕೈಗೆ ಹೋಯಿತು. ಲುಸಿಟಾನೋ ಸಾಕುವ ಜನ ನಮ್ಮ ಬಾಗಿಲಿಗೆ ಬಂದು ಕೂತು ಮಾರಿದ್ದು ಮಾತ್ರ ಪರ್ಷಿಯಾ ಕೊಲ್ಲಿಯ ಹೊರ್ಮುಜ್ ಕಡೆಯ ಕುದುರೆಗಳನ್ನ. ತಮ್ಮ ಊರಿನಿಂದ ಅಷ್ಟು ದೂರ ಹಡಗಿನಲ್ಲಿ ತರುವುದಕ್ಕಿಂತ ಹೊರ್ಮುಜ್ ಹತ್ತಿರ ಅಲ್ವಾ. ವ್ಯಾಪಾರ ಅಂದರೆ ವ್ಯಾಪಾರ.

ಸರಿ, ಆಟಕ್ಕೆ ಬರೋಣ.

ರೆಡ್ ಡೆಡ್ ರಿಡೆಂಪ್ಶನ್ 2 ಬಂದದ್ದು 2018ರಲ್ಲಿ, ಕಂಪ್ಯೂಟರಿಗೆ 2019ರಲ್ಲಿ. ಅದರಲ್ಲಿ ನೆಟ್ಟಿನ ಮೇಲೆ ಹಲವರು ಸೇರಿ ಆಡುವ ಭಾಗವೇ ರೆಡ್ ಡೆಡ್ ಆನ್‌ಲೈನ್. ಜಾಗ ಅಮೆರಿಕ, ಕಾಲ 1899ರ ಆಸುಪಾಸು. ಡಿಸ್ಕಿನಲ್ಲಿ 150 ಜಿಬಿ ಜಾಗ ಬೇಕು. ನಮ್ಮ ಮನೆಯ ನೆಟ್ಟಿನಲ್ಲಿ ಇದು ಇಳಿಯುವುದಕ್ಕೆ ಐದು ರಾತ್ರಿ ಹಿಡಿಯಿತು. ನೆಟ್ ಕೊಟ್ಟವರಿಗೆ ಫೋನ್ ಮಾಡಿದರೆ "ಮಳೆ ಸಾರ್" ಅಂದರು. ಮಳೆ ಬಿದ್ದು ವಾರ ಆಗಿತ್ತು. ದುಡ್ಡು ಕಟ್ಟುವ ಆ್ಯಪ್ ಒಂದೇ ಆಟಕ್ಕೆ ಎರಡು ಸಲ ದುಡ್ಡು ಕಿತ್ತುಕೊಂಡಿತು, ವಾಪಸು ಬರಲು ಒಂಬತ್ತು ದಿನ. ಇದರಲ್ಲಿ ಆಟದ ತಪ್ಪಿಲ್ಲ, ಆದರೆ ಕುದುರೆ ಹತ್ತುವ ಮುಂಚೆಯೇ ನನಗೆ ಅರ್ಧ ಸುಸ್ತಾಗಿತ್ತು.

ಶುರುವಿನಲ್ಲಿ ನಿಮಗೆ ಒಂದು ಬಡಕಲು ಕುದುರೆ ಕೊಡುತ್ತಾರೆ. ಪಕ್ಕೆಲುಬು ಎಣಿಸಬಹುದು. ನೋಡಿ ನನಗೆ ಅಪ್ಪನ ಕೊನೆಯ ತಟ್ಟು ನೆನಪಾಯಿತು. ಒಳ್ಳೆಯ ಕುದುರೆ ಬೇಕಾದರೆ ಆಡಿ ಆಡಿ ಒಂದು ಮಟ್ಟ ಮುಟ್ಟಬೇಕು, ದುಡ್ಡು ಸೇರಿಸಬೇಕು. ನನಗೆ ಗುಂಡು ಹಾರಿಸುವುದು ಬರದ ಕಾರಣ ಮೀನು ಹಿಡಿದು, ಗಿಡಮೂಲಿಕೆ ಕಿತ್ತು ದುಡ್ಡು ಮಾಡಿದೆ. ಹುಡುಗ ನಕ್ಕಿದ್ದೇ ನಕ್ಕಿದ್ದು. ಒಂದು ತಿಂಗಳ ಮೇಲೆ ಲಾಯದ ಬಾಗಿಲು ತೆರೆದು ರೋಸ್ ಗ್ರೇ ಹೊರಗೆ ಬಂತು.

ನಿಜ ಹೇಳುತ್ತೇನೆ, ಒಂದು ಕ್ಷಣ ಕೈ ಮೌಸ್ ಮೇಲೆ ಹಾಗೇ ನಿಂತಿತು. ಕತ್ತಿನ ಬಾಗು ಸರಿಯಾಗಿದೆ. ಜೂಲು ದಟ್ಟ, ಬಾಲ ಕೆಳಗೆ ಕಟ್ಟಿಕೊಂಡಂತೆ ಬಿದ್ದಿದೆ. ನಿಂತಾಗ ಒಂದು ಹಿಂಗಾಲನ್ನು ಸಡಿಲ ಬಿಟ್ಟು ಭಾರ ಬದಲಾಯಿಸುವುದು, ನೊಣಕ್ಕೆ ತಲೆ ಕೊಡವುವುದು, ನಡುವೆ ಸುಮ್ನೆ ಮೂಗಿನಲ್ಲಿ ಬುಸ್ಸೆನ್ನುವುದು, ಎಲ್ಲ ಇದೆ. ಲದ್ದಿಯನ್ನೂ ಹಾಕುತ್ತದೆ. ಬಾಚುವ ಕೆಲಸ ಮಾತ್ರ ಇಲ್ಲ, ಅದೊಂದು ಪುಣ್ಯ. ಮಾಡಿದವರು ಕುದುರೆ ಪಕ್ಕದಲ್ಲಿ ದಿನಗಟ್ಟಲೆ ನಿಂತು ನೋಡಿರಬೇಕು.

ಆಟದಲ್ಲಿ ಆಂಡಲೂಸಿಯನ್ನನ್ನು ಯುದ್ಧದ ಕುದುರೆಗಳ ಗುಂಪಿಗೆ ಸೇರಿಸಿದ್ದಾರೆ. ಅಂದರೆ ಓಟ ಕಡಿಮೆ, ಗಟ್ಟಿತನ, ಧೈರ್ಯ ಜಾಸ್ತಿ. ಇದು ಸರಿಯಾದ ಲೆಕ್ಕ. ಯುರೋಪಿನ ರಾಜರು ಇದನ್ನು ಇಷ್ಟಪಟ್ಟದ್ದೇ ಯುದ್ಧಕ್ಕೆ, ಮೆರವಣಿಗೆಗೆ. 1580ರಲ್ಲಿ ಈಗಿನ ಸ್ಲೊವೇನಿಯಾ ದೇಶದ ಲಿಪಿಝಾದಲ್ಲಿ ಲಾಯ ಶುರುಮಾಡಿದವರು ಸ್ಪೇನಿನಿಂದ ಕುದುರೆ ತರಿಸಿದರು. ವಿಯೆನ್ನಾದ ಸವಾರಿ ಶಾಲೆಗೆ ಇವತ್ತಿಗೂ ಸ್ಪ್ಯಾನಿಷ್ ಶಾಲೆ ಅಂತಲೇ ಹೆಸರು. ಹಾವು, ತೋಳ ಕಂಡರೆ ಆಟದ ಬೇರೆ ಕುದುರೆ ಮುಂಗಾಲೆತ್ತಿ ನಿಮ್ಮನ್ನು ಕೆಡವಿ ಓಡುತ್ತದೆ. ಇದು ಬೆದರುತ್ತದೆ, ಆದರೆ ಕತ್ತು ತಟ್ಟಿದರೆ ನಿಲ್ಲುತ್ತದೆ. ರಾಜ ಮರುಭೂಮಿ ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೆ ಹೀಗೇ ಮಾಡುತ್ತಿತ್ತು. ಅರ್ಧ ಹೆಜ್ಜೆ ಪಕ್ಕಕ್ಕೆ ಹಾರಿ, ನನ್ನ ಮುಖ ನೋಡಿ, ಸುಮ್ಮನಾಗುತ್ತಿತ್ತು.

ಇನ್ನೊಂದು ಖುಷಿಯ ಸಂಗತಿ. ಆಟದ ಬಯಲಲ್ಲಿ ಕಾಡು ಮಸ್ಟಾಂಗ್‌ಗಳು ಓಡಾಡುತ್ತವೆ. ಅವು ಅಮೆರಿಕದ ಕುದುರೆ ಅಂತ ಹುಡುಗ ಅಂದುಕೊಂಡಿದ್ದ. ಅವುಗಳ ಅಜ್ಜಂದಿರೂ ಸ್ಪೇನಿನವರೇ. ಕೊಲಂಬಸ್ ಎರಡನೇ ಸಲ ಹೋಗುವಾಗ, 1493ರಲ್ಲಿ, ಕುದುರೆ ತೆಗೆದುಕೊಂಡು ಹೋದ. 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ತೆಸ್ ಮೆಕ್ಸಿಕೋಗೆ ಇಳಿಸಿದ್ದು ಹದಿನಾರು. ಆಮೇಲೆ ಬಂದವುಗಳಲ್ಲಿ ತಪ್ಪಿಸಿಕೊಂಡು ಕಾಡು ಸೇರಿದವುಗಳ ಸಂತಾನವೇ ಮಸ್ಟಾಂಗ್‌ಗಳು, ಆಮೇಲೆ ಬೇರೆ ರಕ್ತವೂ ಸೇರಿತು. ಹೆಸರೂ ಸ್ಪ್ಯಾನಿಷ್ ಮಾತಿನಿಂದಲೇ ಬಂದದ್ದು. ಅಂದರೆ ಆ ಬಯಲಲ್ಲಿ ನನ್ನ ರೋಸ್ ಗ್ರೇ ಹೋಗುವುದು ಪಟ್ಟಣದ ಶ್ರೀಮಂತ ನೆಂಟ ಹಳ್ಳಿಯ ಜಾತ್ರೆಗೆ ಬಂದ ಹಾಗೆ.

ಆದರೆ ಕಾಲಿನ ವಿಷಯ. ಚಳಿಗೆ ಗಂಡು ಕುದುರೆಯ ಬೀಜ ಮುದುಡಿಕೊಳ್ಳುತ್ತದೆ, ಆಟದಲ್ಲಿ ಅಷ್ಟು ಸೂಕ್ಷ್ಮ ಮಾಡಿದ್ದಾರೆ ಅಂತ ಬಂದ ಹೊಸದರಲ್ಲಿ ಜಗತ್ತೆಲ್ಲ ಮಾತಾಡಿತು. ಹೌದು, ಮಾಡಿದ್ದಾರೆ. ಬೀಜ ಲೆಕ್ಕಕ್ಕೆ ಬಂತು, ಲಾಳ ಬರಲಿಲ್ಲ. ಕಲ್ಲುಬಂಡೆ ಮೇಲೆ ತಿಂಗಳುಗಟ್ಟಲೆ ಓಡಿಸಿದರೂ ಲಾಳ ಸವೆಯುವುದಿಲ್ಲ, ಕಳಚುವುದಿಲ್ಲ. ಗೊರಸಿಗೆ ಕಲ್ಲು ಸಿಕ್ಕುವುದಿಲ್ಲ. ಕುಂಟುವುದಿಲ್ಲ. ಕುದುರೆ ಸಾಕಿದ ಯಾರನ್ನೇ ಕೇಳಿ, ಬೆಳಗ್ಗೆ ಎದ್ದ ಕೂಡಲೇ ನೋಡುವುದು ಕಾಲು. ರಾಜನ ಹಿಂಗಾಲು ಎತ್ತಿ ಗೊರಸಿನ ಮಣ್ಣು ಕೆರೆಯುವಾಗ ಅದರ ಹೊಟ್ಟೆಯ ಬಿಸಿ ನನ್ನ ಬೆನ್ನಿಗೆ ತಾಗುತ್ತಿತ್ತು. ನಾಲ್ಕು ಕಾಲಿಗೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷ ಆಟದಲ್ಲಿ ಇಲ್ಲ. ಬ್ರಷ್ ಇದೆ, ಮೈ ಕೆಸರಾದರೆ ಉಜ್ಜಬೇಕು. ಆದರೆ ಎರಡು ಸಲ ಕೈ ಆಡಿಸಿದರೆ ಕುದುರೆ ಪಳಪಳ. ನಮ್ಮ ಮನೆಯ ಪಾತ್ರೆಯೂ ಅಷ್ಟು ಬೇಗ ಬೆಳಗುವುದಿಲ್ಲ.

ಓಟದಲ್ಲಿ ಮರಕ್ಕೋ ಬಂಡೆಗೋ ಗುದ್ದಿದರೆ ಕುದುರೆ ಲಾಗ ಹೊಡೆದು ಬೀಳುತ್ತದೆ. ನೀವು ಹತ್ತಡಿ ಮುಂದೆ. ಎದ್ದು ಮೈ ಕೊಡವಿಕೊಂಡು ಬರುತ್ತದೆ. ಕಥೆಯ ಭಾಗದಲ್ಲಿ ಕುದುರೆ ಸತ್ತರೆ ಸತ್ತಂತೆಯೇ. ಆನ್‌ಲೈನ್‌ನಲ್ಲಿ ವಿಮೆ ಇದೆ, ಸ್ವಲ್ಪ ಹೊತ್ತಿನಲ್ಲಿ ಅದೇ ಕುದುರೆ ವಾಪಸು. ಅಪ್ಪನ ತಟ್ಟು ಸತ್ತಾಗ ಅಂಥ ವಿಮೆ ಇದ್ದಿದ್ದರೆ ನಾನು ಕತಾರ್‌ಗೆ ಹೋಗುತ್ತಿರಲಿಲ್ಲವೇನೋ.

ಇನ್ನು ಆ ನಾಟ್ಯದ ವಿಚಾರ. ಕುದುರೆ ಜೊತೆ ಸ್ನೇಹ ನಾಲ್ಕನೇ ಹಂತಕ್ಕೆ ಬಂದ ಮೇಲೆ ಗುಂಡಿ ಒತ್ತಿದರೆ ಅದು ನಿಂತಲ್ಲೇ ಕುಣಿಯುತ್ತದೆ. ಇದಕ್ಕೆ ಪಿಯಾಫ್ ಅನ್ನುತ್ತಾರೆ. ಮುಂದೆ ಹೋಗದೆ, ಕರ್ಣದ ಎರಡೆರಡು ಕಾಲನ್ನು ತಾಳಕ್ಕೆ ಸರಿಯಾಗಿ ಎತ್ತಿ ಇಡುವುದು. ಸ್ಪೇನಿನ ಹೆರೆಸ್ ಊರಲ್ಲಿ 1973ರಿಂದ ಇದಕ್ಕೇ ಅಂತ ರಾಜಮನೆತನದ ಹೆಸರಿನ ಶಾಲೆ ಇದೆ. ಸಂಗೀತಕ್ಕೆ ಕುದುರೆ ಕುಣಿಸಿ ಟಿಕೆಟ್ ಇಟ್ಟು ತೋರಿಸುತ್ತಾರೆ.

ರಾಜನಿಗೆ ಮೇಷ್ಟ್ರು ಇದನ್ನು ಕಲಿಸಿದ್ದು ನನ್ನ ಕಣ್ಣೆದುರು. ಬೆಳಗ್ಗೆ ಐದಕ್ಕೆ, ಬಿಸಿಲು ಏರುವ ಮುಂಚೆ. ಮೇಷ್ಟ್ರ ಕೈಯಲ್ಲಿ ಉದ್ದನೆಯ ಬೆತ್ತ. ಹೊಡೆಯುವುದಕ್ಕಲ್ಲ, ಹಿಂಗಾಲಿಗೆ ಮುಟ್ಟಿಸುವುದಕ್ಕೆ. ನಾನು ಲಗಾಮು ಹಿಡಿದು ಮುಂದೆ ನಿಲ್ಲಬೇಕು. ಮೊದಲ ವರ್ಷ ಪೂರ್ತಿ ಬರೀ ನಡಿಗೆ. ಎರಡನೇ ವರ್ಷ ಒಂದು ದಿನ ಹಿಂಗಾಲು ಎರಡು ಸಲ ಸರಿಯಾಗಿ ಎದ್ದವು. ಅಷ್ಟೇ, ಎರಡೇ ಸಲ. ಮೇಷ್ಟ್ರು ಬೆತ್ತ ಕೆಳಗೆ ಹಾಕಿ, ಜೇಬಿನಿಂದ ಸಕ್ಕರೆ ಗಟ್ಟಿ ತೆಗೆದು ಕೊಟ್ಟು, ಇವತ್ತಿಗೆ ಸಾಕು ಅಂತ ಕೈ ಮಾಡಿದರು. ಆರು ಗಂಟೆಯೂ ಆಗಿರಲಿಲ್ಲ. ಆವತ್ತು ಇಡೀ ದಿನ ಅವರು ಯಾರ ಮೇಲೂ ರೇಗಲಿಲ್ಲ. ಹತ್ತು ಹೆಜ್ಜೆ ತಾಳಕ್ಕೆ ಬೀಳುವ ಹೊತ್ತಿಗೆ ನಾಲ್ಕನೇ ವರ್ಷ. ಆಗಲೂ ರಾಜನ ಕಿವಿಯೊಂದು ನನ್ನ ಕಡೆ, ಒಂದು ಮೇಷ್ಟ್ರ ಕಡೆ, ಕತ್ತಿನ ನರ ಎಳೆದ ಹಗ್ಗದಂತೆ, ಬಾಯಲ್ಲಿ ಬಿಳಿ ನೊರೆ.

ಆಟದವರು ಕಾಲಿನ ತಾಳ ಹಿಡಿದಿದ್ದಾರೆ. ಕಿವಿಯನ್ನು ಬಿಟ್ಟಿದ್ದಾರೆ. ಗೊತ್ತಿಲ್ಲದವರಿಗೆ ಇದು ಕಾಣುವುದೂ ಇಲ್ಲ, ನನಗೆ ಅದೇ ಕಾಣುತ್ತದೆ.

ನನ್ನ ಅಕ್ಕನ ಮಗಳು ಎಂಟನೇ ಕ್ಲಾಸು. ಬೇಸಿಗೆ ರಜಕ್ಕೆ ಚಿಕ್ಕಮಗಳೂರಿನಿಂದ ಬಂದವಳು ಇದನ್ನು ನೋಡಿ ಮೂಗು ಮುರಿದಳು. ಅವಳದು ಸ್ಟಾರ್ ಸ್ಟೇಬಲ್, ಸ್ವೀಡನ್ನಿನವರು ಮಾಡಿದ ಆಟ. ಬಂದೂಕು ಇಲ್ಲ, ರಕ್ತ ಇಲ್ಲ. ಅದರಲ್ಲಿ ಆಂಡಲೂಸಿಯನ್ನೂ ಇದೆ, ಲುಸಿಟಾನೋವೂ ಇದೆ. ಕಣ್ಣು ಗೊಂಬೆ ಕಣ್ಣು, ಜೂಲು ಶ್ಯಾಂಪೂ ಜಾಹೀರಾತಿನದು. ನಗೋಣ ಅಂತ ಕೂತೆ. ಆದರೆ ಅವಳು ಆಟ ಶುರುಮಾಡಿ ಮೊದಲು ಮಾಡಿದ್ದೇನು ಗೊತ್ತಾ? ಕುದುರೆಗೆ ನೀರಿಟ್ಟಳು, ಮೇವು ಹಾಕಿದಳು, ಮೈ ಉಜ್ಜಿದಳು, ಆಮೇಲೆ ಗೊರಸು ಕೆರೆದು ಮಣ್ಣು ತೆಗೆದಳು. ದಿನಾ ಮಾಡಲೇಬೇಕಂತೆ. ದೊಡ್ಡವರ 150 ಜಿಬಿ ಆಟದಲ್ಲಿ ಇಲ್ಲದ ಗೊರಸಿನ ಕೆಲಸ ಮಕ್ಕಳ ಆಟದಲ್ಲಿದೆ! ನಾನು ಸುಮ್ಮನಾದೆ. ಮೊದಲ ಕೆಲವು ಹಂತ ಪುಕ್ಕಟೆ, ಆಮೇಲೆ ದುಡ್ಡು. ಕುದುರೆಗೆ ಸ್ಟಾರ್ ಕಾಯಿನ್ ಬೇಕು, ಅದನ್ನೂ ದುಡ್ಡು ಕೊಟ್ಟು ಕೊಳ್ಳಬಹುದು. ಅಪ್ಪ ಅಮ್ಮ ಹುಷಾರಾಗಿರಿ. ಇವಳ ಲಾಯದಲ್ಲಿ ಆಗಲೇ ಹನ್ನೊಂದು ಇವೆ, ನಮ್ಮ ಅಕ್ಕನಿಗೆ ಗೊತ್ತಿರುವುದು ನಾಲ್ಕು.

ಬ್ರೌಸರಿನಲ್ಲೇ ಆಡುವ ಹೌರ್ಸ್ ಅಂತ ಫ್ರಾನ್ಸಿನವರದ್ದೂ ಒಂದಿದೆ. 2005ರಿಂದ ಇದೆ. ಎರಡು ವಾರ ನೋಡಿದೆ. ಅದರಲ್ಲಿ ಕುದುರೆ ಓಡುವುದಿಲ್ಲ, ಚಿತ್ರ ನಿಂತಿರುತ್ತದೆ, ನೀವು ಪಟ್ಟಿ ನೋಡಿಕೊಂಡು ಮೇವು ಹಾಕಿ ಮಲಗಿಸಬೇಕು. ನಮ್ಮ ಅಂಗಡಿಯ ಸ್ಟಾಕ್ ಪುಸ್ತಕ ಬರೆದಂತೆ. ಆದರೆ ಅಲ್ಲಿ ದಿನಕ್ಕೆ ಎರಡು ತಿಂಗಳಂತೆ ಕುದುರೆಗೆ ವಯಸ್ಸಾಗುತ್ತದೆ. ಅದೊಂದು ನನಗೆ ಹಿಡಿಸಿತು.

ಯಾಕಂದರೆ ನನ್ನ ದೊಡ್ಡ ತಕರಾರು ಅಲ್ಲೇ ಇದೆ. ರೆಡ್ ಡೆಡ್‌ನಲ್ಲಿ ರೋಸ್ ಗ್ರೇ ಕೊಂಡರೆ ಅದು ಎಂದೆಂದಿಗೂ ರೋಸ್ ಗ್ರೇ. ಸ್ಪೇನಿನ ಕುದುರೆಗಳಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಎಂಟು ಈ ಬೂದು ಜಾತಿಯವು. ಹುಟ್ಟುವಾಗ ಕಪ್ಪು ಅಥವಾ ಕಂದು, ಮೂರು ನಾಲ್ಕಕ್ಕೆ ಚುಕ್ಕೆ, ಎಂಟು ಹತ್ತಕ್ಕೆ ಬಿಳಿ. ಪ್ರತಿ ಚಳಿಗಾಲ ಕಳೆದು ಕೂದಲು ಉದುರಿದಾಗ ಬ್ರಷ್ಷಿನಲ್ಲಿ ಕಪ್ಪು ಕೂದಲು ಕಡಿಮೆ ಆಗುತ್ತಾ ಬರುತ್ತದೆ. ನನಗೆ ಗೊತ್ತಾದದ್ದು ಹಾಗೇ. ಮೊದಲ ವರ್ಷ ಬ್ರಷ್ ಕೊಡವಿದರೆ ನೆಲದ ಮೇಲೆ ಕಪ್ಪು ಉಂಡೆ, ಐದನೇ ವರ್ಷ ಹತ್ತಿಯ ಉಂಡೆ. ಆಟದಲ್ಲಿ ಬಣ್ಣ ಅಂಗಡಿಯಲ್ಲಿ ಸಿಗುತ್ತದೆ. ನಿಜದಲ್ಲಿ ಬಣ್ಣಕ್ಕೆ ಕಾಯಬೇಕು.

ಬಿಳಿಯಾಗುವುದಕ್ಕೆ ಬೆಲೆಯೂ ಇದೆ. ಬೂದು ಕುದುರೆಗಳಿಗೆ ವಯಸ್ಸಾದಂತೆ ಬಾಲದ ಬುಡದ ಕೆಳಗೆ ಕಪ್ಪು ಗಂಟುಗಳು ಏಳುತ್ತವೆ. ಹದಿನೈದು ದಾಟಿದವುಗಳಲ್ಲಿ ಹೆಚ್ಚಿನವಕ್ಕೆ ಬರುತ್ತವೆ. ಚರ್ಮದ ಕಪ್ಪಿಗೇ ಸಂಬಂಧಪಟ್ಟ ಒಂದು ಥರದ ಗಡ್ಡೆ. ಎಷ್ಟೋ ವರ್ಷ ಏನೂ ತೊಂದರೆ ಕೊಡದೆ ಇರುತ್ತದೆ, ಒಮ್ಮೊಮ್ಮೆ ಕೊಡುತ್ತದೆ. 2014ರಲ್ಲಿ ರಾಜನ ಬಾಲ ತೊಳೆಯುವಾಗ ಬೆರಳಿಗೆ ಕಡಲೆಕಾಳಿನಷ್ಟು ಗಟ್ಟಿಯಾದದ್ದು ಸಿಕ್ಕಿತು. ಉಣ್ಣಿ ಹುಳ ಇರಬೇಕು ಅಂತ ಕೀಳಲು ಹೋದೆ, ಬರಲಿಲ್ಲ. ಡಾಕ್ಟರು ಬಂದು ನೋಡಿ, ಇಷ್ಟು ಬೇಗ ಬಂತಾ ಅಂದರು, ಅಷ್ಟೇ. ಸಾಹೇಬರಿಗೆ ಹೇಳುವ ಕೆಲಸ ನನಗೆ ಬಿತ್ತು.

ಆಟಕ್ಕೆ ಇದೆಲ್ಲ ಬೇಕಾ ಅಂತ ಹುಡುಗ ಕೇಳಿದ. ಬೇಡ. ಗಂಟು ಬೇಡ. ಆದರೆ ಕಥೆಯ ಭಾಗದಲ್ಲಿ ಮನುಷ್ಯನಿಗೆ ಗಡ್ಡ ದಿನದಿನಕ್ಕೆ ಬೆಳೆಯುವಂತೆ ಮಾಡಿದವರಿಗೆ ಕುದುರೆ ವರ್ಷಕ್ಕಿಷ್ಟು ಬೆಳ್ಳಗಾಗುವಂತೆ ಮಾಡುವುದು ಕಷ್ಟವಿತ್ತೇ?

ಕೊಳ್ಳಬೇಕು ಅನ್ನುವವರಿಗೆ ಎರಡು ಮಾತು. ಪೂರ್ತಿ ಬೆಲೆ ಕೊಡಬೇಡಿ, ರಿಯಾಯಿತಿ ಆಗಾಗ ಬರುತ್ತದೆ, ಕಾಯಿರಿ. ಹದಿನೆಂಟು ದಾಟಿದವರಿಗೆ ಮಾತ್ರ, ರಕ್ತ ಧಾರಾಳ ಹರಿಯುತ್ತದೆ. ಆನ್‌ಲೈನ್ ಭಾಗಕ್ಕೆ ಇನ್ನು ದೊಡ್ಡ ಅಪ್‌ಡೇಟ್ ಇಲ್ಲ ಅಂತ ಕಂಪನಿಯವರೇ 2022ರಲ್ಲಿ ಹೇಳಿದ್ದಾರೆ, ಹಾಗಾಗಿ ಹೊಸ ಕುದುರೆಯ ಆಸೆ ಬೇಡ. ಲುಸಿಟಾನೋ ಇದರಲ್ಲಿ ಇಲ್ಲ. ಚಿನ್ನದ ಗಟ್ಟಿ ಅಂತ ನಿಜದ ದುಡ್ಡಿಗೆ ಮಾರುತ್ತಾರೆ, ಕೊಳ್ಳಬೇಡಿ, ಮೀನು ಹಿಡಿಯಿರಿ. ಲ್ಯಾಪ್‌ಟಾಪ್ ಹಳೆಯದಾದರೆ ಜೂಲು ತೆಂಗಿನ ನಾರಿನಂತೆ ಕಾಣುತ್ತದೆ, ಆಗ ಆಡಿ ಪ್ರಯೋಜನವಿಲ್ಲ. ಕುದುರೆಗೆ ನನ್ನ ಅಂಕ ಹತ್ತಕ್ಕೆ ಏಳು. ಎರಡು ಕಳೆದದ್ದು ಲಾಳಕ್ಕೆ, ಒಂದು ಬಣ್ಣಕ್ಕೆ.

ಹೋದ ವಾರ ಲಾಯದಲ್ಲಿ ನನ್ನ ಜೊತೆ ಇದ್ದ ಸೂಡಾನಿನ ಗೆಳೆಯ ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದ. ಸಂಜೆ ಹೊತ್ತು, ಬಯಲಲ್ಲಿ ಬಿಳಿ ಕುದುರೆ ಹುಲ್ಲು ಮೇಯುತ್ತಿದೆ. ಬೆನ್ನು ಸ್ವಲ್ಪ ಇಳಿದಿದೆ. ಬಾಲ ಬೀಸಿದಾಗ ಕೆಳಗೆ ದ್ರಾಕ್ಷಿ ಗೊಂಚಲಿನಂತೆ ಕಪ್ಪಗೆ ಕಂಡಿತು. ಅವನು ಕರೆದಾಗ ಕಿವಿ ಒಂದು ಈ ಕಡೆ ತಿರುಗಿತು.

ಹುಡುಗ ಹಿಂದಿನಿಂದ ಬಗ್ಗಿ ನೋಡಿ "ಯಾವುದು ಮಾವ ಈ ಬಿಳಿ ಕುದುರೆ?" ಅಂದ.

ಕಂಪ್ಯೂಟರಿನಲ್ಲಿ ನಿಂತಿದ್ದ ರೋಸ್ ಗ್ರೇ ಕಡೆ ಬೆರಳು ತೋರಿಸಿ "ಇದೇ" ಅಂದೆ.

"ಸುಮ್ನಿರಿ ಮಾವ" ಅಂದ.